ಆಫೀಸು ನಾಯಿಗೆ ಸಂಬಳ ಎಷ್ಟು?

ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡುವ ಗೆಳೆಯರು ಸೇರಿದಾಗೆಲ್ಲ ಈಚೆಗೆ ಒಂದು ಮಾತು ಬಂದೇ ಬರುತ್ತದೆ. "ನಮ್ಮ ಆಫೀಸಲ್ಲೂ ನಾಯಿ ಕರ್ಕೊಂಡು ಬರೋಕೆ ಬಿಡಬೇಕು ಕಣೋ" ಅಂತ. 2020ರ ಲಾಕ್‌ಡೌನಿನಲ್ಲಿ ಮನೆಯಿಂದ ಕೆಲಸ ಮಾಡುತ್ತಾ ನಾಯಿಯನ್ನೋ ಬೆಕ್ಕನ್ನೋ ಸಾಕಿಕೊಂಡವರು ಬಹಳ ಮಂದಿ. ಈಗ ಕಂಪನಿಗಳು ಒಂದೊಂದಾಗಿ "ಇನ್ನು ಆಫೀಸಿಗೇ ಬನ್ನಿ" ಅನ್ನುತ್ತಿವೆ. ಮೂರು ನಾಲ್ಕು ವರ್ಷ ಕಾಲ ಬುಡದಲ್ಲೇ ಮಲಗಿ ಅಭ್ಯಾಸವಾದ ಪ್ರಾಣಿ ಹನ್ನೆರಡು ಗಂಟೆ ಬೀಗ ಹಾಕಿದ ಫ್ಲ್ಯಾಟಿನಲ್ಲಿ ಒಂಟಿ!

ಈ ಬೇಡಿಕೆ ಕೇಳಿದವರಲ್ಲಿ ಎರಡು ಪಕ್ಷ. ಒಂದು, "ಅಮೆರಿಕಾದಲ್ಲಿ ಇದೆಯಲ್ಲ, ನಮ್ಮಲ್ಲೂ ಬರಲಿ" ಅನ್ನುವವರದು. ಇನ್ನೊಂದು, "ಇದೆಲ್ಲ ಅಮೆರಿಕಾದ ಶೋಕಿ, ನಮಗ್ಯಾಕೆ" ಅನ್ನುವವರದು. ಜಗಳ ಆಡುವ ಈ ಇಬ್ಬರೂ ಒಂದು ವಿಷಯವನ್ನು ಮಾತ್ರ ಒಪ್ಪಿಕೊಂಡುಬಿಟ್ಟಿದ್ದಾರೆ: ಕೆಲಸದ ಜಾಗದಲ್ಲಿ ಪ್ರಾಣಿ ಇರೋದು ಹೊರಗಿನಿಂದ ಬಂದ ಪದ್ಧತಿ ಅಂತ. ನನ್ನ ತಕರಾರು ಇರೋದು ಅಲ್ಲೇ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಪ್ರಾಣಿಯೇ ಇಲ್ಲದ ಕೆಲಸದ ಜಾಗ ಅನ್ನೋದೇ ಹೊಸದು. ಗಾಜಿನ ಗೋಡೆ, ಏಸಿ, ಕೊರಳಲ್ಲಿ ಬ್ಯಾಡ್ಜು... ಇದಕ್ಕೆ ನಮ್ಮೂರಲ್ಲಿ ನಲವತ್ತು ವರ್ಷದ ಇತಿಹಾಸ ಅಷ್ಟೆ. ಅದಕ್ಕೂ ಮುಂಚಿನ ಕತೆ ದೊಡ್ಡದಿದೆ. ಆ ಕತೆಯಲ್ಲಿ ಇವತ್ತಿನ ಜಗಳಕ್ಕೆ ಒಂದು ಉತ್ತರವೂ ಇದೆ ಅಂತ ನನಗನ್ನಿಸುತ್ತೆ.

ಮೊದಲು ಅಮೆರಿಕಾದ ವಿಷಯ ಮುಗಿಸಿಬಿಡೋಣ. 1990ರ ದಶಕದಲ್ಲಿ ಅಮೆಜಾನ್ ಇನ್ನೂ ಪುಸ್ತಕ ಮಾರುವ ಸಣ್ಣ ಕಂಪನಿಯಾಗಿದ್ದಾಗ, ಅಲ್ಲಿನ ಉದ್ಯೋಗಿ ದಂಪತಿಗಳಿಬ್ಬರು ತಮ್ಮ ರೂಫಸ್ ಅನ್ನೋ ಕೋರ್ಗಿ ನಾಯಿಯನ್ನು ದಿನಾ ಆಫೀಸಿಗೆ ತರುತ್ತಿದ್ದರು. ಗಿಡ್ಡ ಕಾಲಿನ ಆ ನಾಯಿಯ ಪಂಜವನ್ನು ಮೌಸ್ ಮೇಲೆ ಇಟ್ಟು ಒತ್ತಿಸಿ ಹೊಸ ಪುಟಗಳನ್ನು ಬಿಡುಗಡೆ ಮಾಡಿದ್ದೂ ಉಂಟಂತೆ. 2024ರಲ್ಲಿ ಅಮೆಜಾನ್ ತನ್ನ ಕೃತಕ ಬುದ್ಧಿಮತ್ತೆಯ ಸಹಾಯಕನಿಗೆ ಇಟ್ಟ ಹೆಸರೂ ರೂಫಸ್. ಗೂಗಲ್ಲಿನವರಂತೂ ತಮ್ಮ ನೀತಿಸಂಹಿತೆಯಲ್ಲೇ ನಾಯಿಯ ಬಗ್ಗೆ ಒಂದು ಪ್ಯಾರಾ ಬರೆದುಕೊಂಡಿದ್ದರು. ಬೆಕ್ಕಿಗೆ ಮಾತ್ರ ಅಲ್ಲಿ ಅಷ್ಟು ಮರ್ಯಾದೆ ಇರಲಿಲ್ಲ. ಅಷ್ಟೊಂದು ನಾಯಿಗಳ ನಡುವೆ ಅದಕ್ಕೇ ಕಷ್ಟ ಅನ್ನೋ ವಾದ :)

ಲಾಭ ಇದೆಯಾ ಅಂತ ಅಳೆದು ನೋಡಿದವರೂ ಇದ್ದಾರೆ. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ರಾಂಡಾಲ್ಫ್ ಬಾರ್ಕರ್ ಮತ್ತು ಜೊತೆಗಾರರು ನಾರ್ತ್ ಕೆರೊಲಿನಾದ ಒಂದು ಕಂಪನಿಯಲ್ಲಿ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ತಟ್ಟೆ, ಬಟ್ಟಲು ಮಾರುವ ಕಂಪನಿ ಅದು. ಸುಮಾರು 550 ಜನ ಕೆಲಸಗಾರರು, ದಿನಾ 20ರಿಂದ 30 ನಾಯಿಗಳು. ಒಂದು ವಾರ ನೋಡಿದಾಗ ಕಂಡಿದ್ದು ಇಷ್ಟು: ನಾಯಿ ಕರೆತಂದವರು ಸಂಜೆ ಹೊತ್ತಿಗೆ ತಮ್ಮ ಒತ್ತಡ ಕಡಿಮೆಯಾಗಿದೆ ಅಂದರು, ನಾಯಿಯನ್ನು ಮನೆಯಲ್ಲಿ ಬಿಟ್ಟು ಬಂದವರಿಗೂ ನಾಯಿಯೇ ಇಲ್ಲದವರಿಗೂ ಅದು ಏರಿತ್ತು. ಕರೆತಂದವರೇ ಬಿಟ್ಟು ಬಂದ ದಿನ ಅವರ ಒತ್ತಡವೂ ಏರಿತು. ಒಂದೇ ಕಂಪನಿ, ಒಂದೇ ವಾರ. ಆದ್ದರಿಂದ ಇದನ್ನು ವೇದವಾಕ್ಯ ಮಾಡಿಕೊಳ್ಳೋದು ಬೇಡ. ಆದರೆ ನಾಯಿ ಸಾಕಿದ ಯಾರಿಗೂ ಇದರಲ್ಲಿ ಆಶ್ಚರ್ಯ ಆಗಲಿಕ್ಕಿಲ್ಲ.

ಸರಿ, ಈಗ ನಮ್ಮ ಕಡೆಗೆ ಬರೋಣ. ನಮ್ಮ ಆಫೀಸು ನಾಯಿಯ ಹೆಸರು ಕಾಳಿ. ಅದು ತೀರಿಕೊಂಡು ಸಾವಿರದ ಎಪ್ಪತ್ತೈದು ವರ್ಷದ ಮೇಲಾಯಿತು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಅನ್ನುವ ಊರಿನ ಶಾಸನದ ಹೆಸರನ್ನು ಶಾಲೆಯ ಇತಿಹಾಸದ ಪುಸ್ತಕದಲ್ಲಿ ನೀವು ಓದಿರಬಹುದು. ತಕ್ಕೋಲದ ಯುದ್ಧದ ಬಗ್ಗೆ ಹೇಳುವಾಗ ಅದು ಬರುತ್ತೆ. ಕ್ರಿ.ಶ. 949ರ ಸುಮಾರಿಗೆ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಹೋರಾಡಿ, ಚೋಳ ರಾಜಾದಿತ್ಯನನ್ನು ಕೊಂದ. ದಕ್ಷಿಣದ ರಾಜಕೀಯವನ್ನೇ ತಿರುಗಿಸಿದ ಯುದ್ಧ. ಪಾಠ ಅಲ್ಲಿಗೆ ಮುಗಿಯುತ್ತೆ, ಪರೀಕ್ಷೆಗೂ ಅಷ್ಟೇ ಬರುತ್ತೆ. ಆದರೆ ಆ ಕಲ್ಲನ್ನು ನೆಟ್ಟಿದ್ದು ರಾಜನಿಗಾಗಿ ಅಲ್ಲ, ಒಂದು ನಾಯಿಗಾಗಿ ಅನ್ನೋದನ್ನ ನಮ್ಮ ಮೇಷ್ಟ್ರು ಹೇಳಲೇ ಇಲ್ಲ.

ಬೂತುಗನ ಕೈಕೆಳಗೆ ಮಣಲೇರ ಅನ್ನುವ ವೀರನಿದ್ದ. ಯುದ್ಧದಲ್ಲಿ ಅವನ ಸಾಹಸ ನೋಡಿ ಒಡೆಯ ಮೆಚ್ಚಿದ, ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು! ಆಮೇಲೆ ಒಂದು ದಿನ ಬೆಟ್ಟದ ಹತ್ತಿರ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಹೊಡೆದಾಡಿ ಸತ್ತವು. ಮಣಲೇರ ಆತಕೂರಿನ ಈಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಹಂದಿ ಎದುರುಬದುರು ನಿಂತು ಕಾದಾಡುವ ಚಿತ್ರವಿದೆ. ಈಗ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಇಷ್ಟೇ ಆಗಿದ್ದರೆ ಒಬ್ಬ ಶ್ರೀಮಂತನ ನಾಯಿಪ್ರೀತಿ ಅಂತ ಸುಮ್ಮನಾಗಬಹುದಿತ್ತು. ನನಗೆ ಮುಖ್ಯ ಅನ್ನಿಸಿದ್ದು ಅದರ ಮುಂದಿನ ಸಾಲುಗಳು. ಆ ಕಲ್ಲಿಗಾಗಿ ಕೆರೆಯ ಕೆಳಗಿನ ಎರಡು ಖಂಡುಗ ಭೂಮಿಯನ್ನು ಬಿಟ್ಟುಕೊಟ್ಟಿದ್ದಾರೆ. ಪೂಜೆ ಯಾರು ಮಾಡಬೇಕು ಅಂತಲೂ ಗೊತ್ತುಮಾಡಿದ್ದಾರೆ. ಆ ದೇವಾಲಯದ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಊಟಕ್ಕೆ ಕೂತರೆ ಅವನಿಗೆ ಪಾಪ ಅಂತ ಕಟ್ಟುಪಾಡು. ಅಂದರೆ ಕಾಳಿಯ ನೆನಪನ್ನು ಯಾರದೋ ಒಳ್ಳೆಯ ಮನಸ್ಸಿಗೆ ಬಿಡಲಿಲ್ಲ. ಹೆಸರು ಬರೆದರು, ಖರ್ಚಿಗೆ ಹಣದ ಮೂಲ ತೋರಿಸಿದರು, ನೋಡಿಕೊಳ್ಳುವ ಆಸಾಮಿ ಯಾರು ಅಂತ ಹೇಳಿದರು. ಈಗಿನ ಭಾಷೆಯಲ್ಲಿ ಹೇಳೋದಾದರೆ ಪಾಲಿಸಿ, ಬಜೆಟ್ಟು, ಜವಾಬ್ದಾರಿ... ಮೂರೂ ಒಂದೇ ಕಲ್ಲಿನ ಮೇಲೆ!

ಈ ಮೂರು ಇದ್ದ ಕಡೆಯೆಲ್ಲ ಪ್ರಾಣಿ ಮತ್ತು ಕೆಲಸ ಹೊಂದಿಕೊಂಡಿವೆ. ಉದಾಹರಣೆಗೆ ಮೈಸೂರು ಸಂಸ್ಥಾನ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672-1704) ದನಗಳಿಗೆಂದೇ ‘ಬೆಣ್ಣೆ ಚಾವಡಿ’ ಅನ್ನುವ ಇಲಾಖೆ ಇತ್ತು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಅಂತ ಹೆಸರಿಟ್ಟ. ಫಿರಂಗಿ ಎಳೆಯಲು, ಸಾಮಾನು ಸಾಗಿಸಲು ಬೇಕಾದ ಎತ್ತುಗಳು ಅಲ್ಲಿಂದ ಬರುತ್ತಿದ್ದವು. ಅವುಗಳ ಮೇವಿಗೆ ಊರೂರಲ್ಲಿ ಕಾವಲುಗಳನ್ನು ಬಿಟ್ಟಿದ್ದರು. ಚಳ್ಳಕೆರೆಯ ಅಂಥ ಕಾವಲು ಭೂಮಿಯಲ್ಲಿ ಸಾವಿರಾರು ಎಕರೆಯನ್ನು ನಮ್ಮ ಕಾಲದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಡಿಆರ್‌ಡಿಓಗಳಿಗೆ ಕೊಟ್ಟಿದ್ದು ನಿಮಗೆ ನೆನಪಿರಬಹುದು. ದನಗಳ ಕೆಲಸದ ಜಾಗ ವಿಜ್ಞಾನಿಗಳ ಕೆಲಸದ ಜಾಗವಾಯಿತು, ಕುರಿ ದನ ಮೇಯಿಸುತ್ತಿದ್ದ ಊರಿನವರು ಬೇಲಿಯ ಹೊರಗೆ ನಿಂತರು.

ಲಂಡನ್ನಿನ ಅಂಚೆ ಇಲಾಖೆಯದು ಇನ್ನೂ ಸ್ವಾರಸ್ಯವಾದ ಕತೆ. 1868ರಲ್ಲಿ ಅಲ್ಲಿನ ಮನಿ ಆರ್ಡರ್ ಕಚೇರಿಯಲ್ಲಿ ಇಲಿ ಕಾಟ ಹೆಚ್ಚಾಗಿ, ಮೂರು ಬೆಕ್ಕುಗಳನ್ನು ಇಟ್ಟುಕೊಳ್ಳಲು ಅಧಿಕಾರಿ ಅನುಮತಿ ಕೇಳಿದ. ವಾರಕ್ಕೆ ಎರಡು ಶಿಲಿಂಗ್ ಮಂಜೂರು ಮಾಡಿ ಅಂತ ಅರ್ಜಿ. ಮೇಲಿನವರು ಒಂದೇ ಶಿಲಿಂಗ್ ಕೊಟ್ಟರು, ಮಿಕ್ಕಿದ್ದನ್ನು ಇಲಿ ಹಿಡಿದು ತಿಂದು ಸರಿದೂಗಿಸಿಕೊಳ್ಳಲಿ ಅಂತ! ಜೊತೆಗೆ ಆರು ತಿಂಗಳ ಪ್ರೊಬೇಷನ್ ಬೇರೆ. ಬೆಕ್ಕುಗಳು ಪಾಸಾದವು. 1873ರಲ್ಲಿ ಭತ್ಯೆ ಒಂದೂವರೆ ಶಿಲಿಂಗಿಗೆ ಏರಿತು. ಆ ಪದ್ಧತಿ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ನಮ್ಮ ಯಶವಂತಪುರದ ಮಂಡಿಗಳಲ್ಲಿ ಮೂಟೆ ಮೇಲೆ ಮಲಗುವ ಬೆಕ್ಕುಗಳದ್ದೂ ಇದೇ ಕೆಲಸ. ಅವುಗಳ ಪ್ರೊಬೇಷನ್ ಮಾತ್ರ ಮುಗಿಯೋದೇ ಇಲ್ಲ :)

ಈಗ ಬೆಂಗಳೂರಿನ ಹೊರವಲಯಕ್ಕೆ ಬನ್ನಿ. ಇಲ್ಲಿನ ಮೂರೂ ದೊಡ್ಡ ಕೆಲಸದ ಜಾಗಗಳು ಹುಟ್ಟಿದ್ದು ಪ್ರಾಣಿಗಳ ನಡುವೆಯೇ. ವೈಟ್‌ಫೀಲ್ಡ್ ಶುರುವಾಗಿದ್ದು 1882ರಲ್ಲಿ. ಡಿ. ಎಸ್. ವೈಟ್ ಅನ್ನುವವರ ಮುಂದಾಳತ್ವದ ಆಂಗ್ಲೋ ಇಂಡಿಯನ್ ಸಂಘಕ್ಕೆ ಚಾಮರಾಜ ಒಡೆಯರು 3900 ಎಕರೆ ಕೊಟ್ಟರು. ಉದ್ದೇಶ ಸಾಫ್ಟ್‌ವೇರ್ ಅಲ್ಲ, ಬೇಸಾಯ! ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಗೆ ಆರ್. ಕೆ. ಬಾಳಿಗರ ಕನಸಿನಿಂದ, ಕಿಯೋನಿಕ್ಸ್ ಕಡೆಯಿಂದ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎದ್ದಿದ್ದು. ರಾಗಿ ಹೊಲ, ಕುರಿ, ದನ, ಅವುಗಳ ಹಿಂದೆ ನಾಯಿ... ಕ್ಯಾಂಪಸ್ಸಿಗೆ ಮುಂಚೆ ಅಲ್ಲಿ ಇದ್ದದ್ದು ಇವೇ. ಊರು ಹೋಗಿ ಲೇಔಟಾಯಿತು, ದನ ಕಸಾಯಿಖಾನೆಗೋ ದೂರದ ನೆಂಟರ ಕೊಟ್ಟಿಗೆಗೋ ಹೋಯಿತು. ನಾಯಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹೊಸ ಗೇಟಿನ ಮುಂದೆ ಕೂತಿತು.

ಪೀಣ್ಯದ ಕತೆ ಇನ್ನೂ ದೊಡ್ಡದು. ನಮ್ಮ ಮೊದಲ ಉಪಗ್ರಹ ಆರ್ಯಭಟ ತಯಾರಾಗಿದ್ದು ಪೀಣ್ಯ ಕೈಗಾರಿಕಾ ಪ್ರದೇಶದ ತಗಡು ಸೂರಿನ ಶೆಡ್ಡುಗಳಲ್ಲಿ. ಉಡುಪಿ ಕಡೆಯ ಅದಮಾರಿನವರಾದ ಯು. ಆರ್. ರಾವ್ ಮತ್ತು ಅವರ ತಂಡ 1972ರಲ್ಲಿ ಅಲ್ಲಿ ಕೆಲಸ ಶುರು ಮಾಡಿತು, 1975ರ ಏಪ್ರಿಲ್ 19ಕ್ಕೆ ಉಪಗ್ರಹ ಹಾರಿತು. ಅದಾಗಿ ಆರು ವರ್ಷಕ್ಕೆ, 1981ರಲ್ಲಿ, ‘ಆ್ಯಪಲ್’ ಅನ್ನುವ ಸಂಪರ್ಕ ಉಪಗ್ರಹ. ಅದನ್ನು ಎತ್ತಿನ ಗಾಡಿಯ ಮೇಲೆ ಇಟ್ಟಿರುವ ಫೋಟೋ ನೀವೆಲ್ಲ ನೋಡಿರುತ್ತೀರಿ. ವಾಟ್ಸಾಪಿನಲ್ಲಿ ಅದನ್ನು ‘ನಮ್ಮ ಬಡತನ’ಕ್ಕೆ ಸಾಕ್ಷಿ ಅಂತ ಕಳಿಸುತ್ತಾರೆ. ಅಸಲಿ ಕಾರಣ ಬೇರೆ. ಆಂಟೆನಾ ಪರೀಕ್ಷೆ ಮಾಡುವಾಗ ಸುತ್ತ ಲೋಹ ಇದ್ದರೆ ರೇಡಿಯೋ ಅಲೆಗಳು ಅದಕ್ಕೆ ಬಡಿದು ಲೆಕ್ಕ ತಪ್ಪುತ್ತೆ. ಲಾರಿಯ ಮೈಯೆಲ್ಲ ಕಬ್ಬಿಣ. ಮರದ ಗಾಡಿಗೆ ಆ ತೊಂದರೆ ಇಲ್ಲ. ಆ ದಿನ ಆ ಕೆಲಸಕ್ಕೆ ಸರಿಯಾದ ಉಪಕರಣ ಎತ್ತಿನ ಗಾಡಿಯೇ ಆಗಿತ್ತು. ಗಾಡಿ ಬಾಡಿಗೆ 150 ರೂಪಾಯಿ ಅಂತ ಹೇಳುತ್ತಾರೆ. ನೋಡಿ, ಇಲ್ಲೂ ಲೆಕ್ಕ ಇದೆ! ಫೋಟೋದಲ್ಲಿ ಉಪಗ್ರಹದ ಹೆಸರು ಎಲ್ಲರಿಗೂ ಗೊತ್ತು. ಎತ್ತುಗಳ ಹೆಸರು ಕೇಳಿದವರು ಮಾತ್ರ ಯಾರೂ ಇಲ್ಲ.

ಪೀಣ್ಯದ ಮಾತು ಬಂದಿದ್ದಕ್ಕೆ ನನ್ನದೂ ಒಂದಿಷ್ಟು ಹೇಳಬೇಕು. ಕೆಲವು ವರ್ಷ ನಾನು ಅಲ್ಲಿನ ಎರಡನೇ ಹಂತದ ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಆರು ಲೇತು, ಎರಡು ಮಿಲ್ಲಿಂಗ್ ಮೆಷಿನ್, ಮೂರು ಶಿಫ್ಟು. ಗೇಟಿನಲ್ಲಿ ರಾಯಚೂರು ಕಡೆಯ ವಯಸ್ಸಾದ ವಾಚ್‌ಮನ್. ಅವರ ಜೊತೆಗೆ ಕರಿಯ ಅನ್ನೋ ನಾಯಿ. ಯಾರೂ ಸಾಕಿದ್ದಲ್ಲ, ಶೆಡ್ಡು ಕಟ್ಟುವಾಗ ಮರಳಿನ ಗುಡ್ಡೆ ಮೇಲೆ ಮಲಗಿದ್ದ ಮರಿ ಅದು. ಮೂರನೇ ಶಿಫ್ಟಿನಲ್ಲಿ ರಾತ್ರಿ ಎರಡೂವರೆಯಿಂದ ನಾಲ್ಕು ಗಂಟೆ ಇದೆಯಲ್ಲ, ಆ ಹೊತ್ತು ಕೆಲಸ ಮಾಡಿದವರಿಗೇ ಗೊತ್ತು. ಕಣ್ಣು ಎಳೆಯುತ್ತೆ, ಕೈ ಮಾತ್ರ ಮೆಷಿನ್ ಹತ್ತಿರ ಇರುತ್ತೆ. ಆಗ ಹೊರಗೆ ಬಂದು ಟೀ ಕುಡಿದು, ಕರಿಯನಿಗೆ ಎರಡು ಬಿಸ್ಕತ್ತು ಹಾಕಿ, ತಲೆ ಸವರಿ ಒಳಗೆ ಹೋಗುತ್ತಿದ್ದ ಹುಡುಗರನ್ನ ನಾನು ನೋಡಿದ್ದೇನೆ. ವರ್ಜೀನಿಯಾದ ಪ್ರೊಫೆಸರು ಅಳೆದದ್ದು ಇದನ್ನೇ ತಾನೆ?

"ಇದು ಐತಿ ಅಂತ ನಾ ಮಲಕೋತೀನಿ ಅನ್ಕೋಬ್ಯಾಡ್ರಿ ಸರ, ಇದು ಐತಿ ಅಂತನ ಎಚ್ಚರ ಇರ್ತೀನಿ" ಅಂತ ಆ ವಾಚ್‌ಮನ್ ಒಂದು ಸಲ ಹೇಳಿದ್ದರು. ಒಬ್ಬನೇ ಕೂತ ಮನುಷ್ಯನಿಗೆ ಹನ್ನೆರಡು ಗಂಟೆ ಮಾತಾಡಲು ಯಾರೂ ಇರೋದಿಲ್ಲ. ನಾಯಿ ಇದ್ದರೆ ಇದ್ದಾರೆ. ಹೆಣ್ಣುಮಕ್ಕಳು ಕತ್ತಲಲ್ಲಿ ಶಿಫ್ಟು ಮುಗಿಸಿ ಬಸ್ ಸ್ಟಾಪಿನವರೆಗೆ ನಡೆಯುವಾಗ ಕರಿಯ ಜೊತೆಗೆ ಹೋಗಿ ಬರುತ್ತಿತ್ತು. ಕಚೇರಿಯಲ್ಲಿ ಪ್ರಾಣಿ ಇದ್ದರೆ ಏನು ಪ್ರಯೋಜನ ಅಂತ ಬರೆಯುವವರು ಯಾಕೋ ಟೆಕ್ಕಿಯ ಒತ್ತಡ, ಟೀಮಿನ ಒಗ್ಗಟ್ಟು ಅಂತಲೇ ಬರೆಯುತ್ತಾರೆ. ಅದೂ ಸರಿಯೇ. ಆದರೆ ಈ ಬೆಲ್ಟಿನಲ್ಲಿ ಆ ಪ್ರಯೋಜನ ಮೊದಲಿಂದ ಪಡೆಯುತ್ತಾ ಬಂದವರು ಗೇಟಿನ ಕಾವಲಿನವರು, ರಾತ್ರಿ ಪಾಳಿಯವರು, ಕ್ಯಾಂಟೀನಿನ ಹುಡುಗರು.

ಕರಿಯನ ಖರ್ಚು ನಮ್ಮ ಪುಸ್ತಕದಲ್ಲಿ ಯಾವ ತಲೆಬರಹದಡಿ ಹೋಗುತ್ತಿತ್ತು ಗೊತ್ತಾ? ‘ಟೀ ಖರ್ಚು’. ಮಾಲೀಕರು ಹಾಗೇ ಬರೆಯಿರಿ ಅಂದಿದ್ದರು. ಅವರು ಒಳ್ಳೆಯವರೇ, ಬಿಸ್ಕತ್ತಿಗೆ ಯಾವತ್ತೂ ಇಲ್ಲ ಅನ್ನಲಿಲ್ಲ. ಆದರೆ ಮುಂದೆ ಅವರು ಶೆಡ್ಡು ಮಾರಿದಾಗ ಮೆಷಿನ್ನುಗಳ ಪಟ್ಟಿ ಆಯಿತು, ಮೇಜು ಕುರ್ಚಿಯ ಪಟ್ಟಿ ಆಯಿತು, ಅಗ್ನಿಶಾಮಕ ಸಿಲಿಂಡರಿಗೂ ನಂಬರು ಬಿತ್ತು. ಹತ್ತು ವರ್ಷ ಗೇಟು ಕಾಯ್ದ ನಾಯಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೊಂಡವರು ಸೆಕ್ಯುರಿಟಿ ಏಜೆನ್ಸಿ ಬದಲಾಯಿಸಿದರು, ವಾಚ್‌ಮನ್ ಊರಿಗೆ ಹೋದರು. ಒಂದು ವಾರದೊಳಗೆ ಯಾರೋ ಕರಿಯನನ್ನು ಗಾಡಿಯಲ್ಲಿ ಹಾಕಿಕೊಂಡು ಎಲ್ಲೋ ಬಿಟ್ಟು ಬಂದರು. ಹತ್ತು ವರ್ಷ ಒಂದೇ ಬೀದಿಯಲ್ಲಿದ್ದ ಮುದಿ ನಾಯಿ ಹೊಸ ಬೀದಿಯ ನಾಯಿಗಳ ನಡುವೆ ಎಷ್ಟು ದಿನ ಬದುಕುತ್ತೆ, ನೀವೇ ಊಹಿಸಿ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ನಾಯಿಪ್ರಿಯರ ಭಾಷಣ ಆಗುತ್ತೆ. ಇನ್ನೊಂದು ಬದಿಯೂ ಇದೆ. 2007ರ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಬೀದಿನಾಯಿಗಳ ದಾಳಿಗೆ ಇಬ್ಬರು ಪುಟ್ಟ ಮಕ್ಕಳು ಬಲಿಯಾದರು. ಇಬ್ಬರೂ ಬಡವರ ಮಕ್ಕಳು. ಊರು ಸಿಟ್ಟಿಗೆದ್ದಿತು, ನಾಯಿಗಳನ್ನು ಸಿಕ್ಕಸಿಕ್ಕಲ್ಲಿ ಹಿಡಿದು ಕೊಂದರು. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಬದುಕೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ರಾತ್ರಿ ಬೈಕಿನಲ್ಲಿ ಹೋಗುವಾಗ ಐದಾರು ನಾಯಿ ಅಟ್ಟಿಸಿಕೊಂಡು ಬಂದ ಅನುಭವ ಈ ಕಡೆ ಯಾರಿಗಿಲ್ಲ? ಆಫೀಸಿನ ಒಳಗೂ ಅಷ್ಟೆ. ಒಬ್ಬರಿಗೆ ಕೂದಲಿನ ಅಲರ್ಜಿ, ಒಬ್ಬರಿಗೆ ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡ ಭಯ, ಇನ್ನೊಬ್ಬರಿಗೆ ನಾಯಿ ಮುಟ್ಟಿದ ಬಟ್ಟೆಯಲ್ಲಿ ಪ್ರಾರ್ಥನೆಗೋ ಪೂಜೆಗೋ ಕೂರಲಾಗದ ಕಟ್ಟುನಿಟ್ಟು. ಇವರನ್ನೆಲ್ಲ ‘ಪ್ರಾಣಿ ದ್ವೇಷಿಗಳು’ ಅಂತ ಮೂಲೆಗೆ ತಳ್ಳೋದು ಅನ್ಯಾಯ. ನಾಯಿಯನ್ನು ಮನೆಗೆ ತಂದವನು ಒಬ್ಬ. ಆಫೀಸಿಗೆ ತಂದರೆ ಅದು ಐವತ್ತು ಜನರ ನಡುವೆ ಬದುಕಬೇಕು.

ಕಾನೂನೂ ಇದೇ ಗೊಂದಲದಲ್ಲಿ ಓಡಾಡುತ್ತಿದೆ. 2001ರ ನಿಯಮಗಳು ಬೀದಿನಾಯಿಯನ್ನು ಕೊಲ್ಲದೆ, ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಅಂದವು. 2023ರ ಹೊಸ ನಿಯಮಗಳು ಅದನ್ನು ‘ಸಮುದಾಯದ ಪ್ರಾಣಿ’ ಅಂತ ಕರೆದು, ಎಲ್ಲಿ, ಯಾವಾಗ ಊಟ ಹಾಕಬೇಕು ಅನ್ನೋದನ್ನು ಅಲ್ಲಿನ ನಿವಾಸಿಗಳೇ ಕೂತು ಗೊತ್ತುಮಾಡಲಿ ಅಂದವು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯತಾಣಕ್ಕೆ ಸೇರಿಸಬೇಕು, ವಾಪಸ್ ಅಲ್ಲಿಗೇ ಬಿಡಬಾರದು ಅಂತ ಆದೇಶ ಕೊಟ್ಟಿತು. ಆ ಪಟ್ಟಿಯಲ್ಲಿ ಕಾರ್ಖಾನೆ, ಐಟಿ ಪಾರ್ಕುಗಳ ಹೆಸರಿರಲಿಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯುತ್ತೆ.

ಹಾಗಾಗಿ ನನಗೆ ಒಂದು ವಿಚಿತ್ರ ಕಾಣುತ್ತಿದೆ. ಒಳಗೆ ಹವಾನಿಯಂತ್ರಿತ ಕೋಣೆಯಲ್ಲಿ ಲ್ಯಾಬ್ರಡಾರಿಗೆ ಸ್ವಾಗತ ಅನ್ನೋ ಚರ್ಚೆ. ಹೊರಗೆ ಗೇಟಿನಲ್ಲಿ ಹತ್ತು ವರ್ಷದಿಂದ ಕೂತ ನಾಯಿಯನ್ನು ಎತ್ತಿ ಹಾಕುವ ಚರ್ಚೆ. ಎರಡೂ ಒಂದೇ ಕಟ್ಟಡದ್ದು!

ಇದನ್ನು ಬೇರೆ ಥರ ನಿಭಾಯಿಸಿದ ಒಂದು ಜಾಗ ನಮ್ಮ ದೇಶದಲ್ಲೇ ಇದೆ. ಮುಂಬೈಯ ಬಾಂಬೆ ಹೌಸ್, ಟಾಟಾ ಸಮೂಹದ ಮುಖ್ಯ ಕಚೇರಿ, 1924ರ ಕಟ್ಟಡ. ಅದರ ಬಾಗಿಲಲ್ಲಿ ಬೀದಿನಾಯಿಗಳು ಮಲಗೋದು ಹಳೆಯ ರೂಢಿ. 2018ರಲ್ಲಿ ಕಟ್ಟಡವನ್ನು ನವೀಕರಿಸಿದಾಗ ನೆಲ ಅಂತಸ್ತಿನಲ್ಲಿ ಆ ನಾಯಿಗಳಿಗೇ ಅಂತ ಒಂದು ಕೋಣೆ ಮಾಡಿದರು. ರತನ್ ಟಾಟಾ ಅವರ ಜೊತೆ ‘ಗೋವಾ’ ಅನ್ನೋ ನಾಯಿ ಮೀಟಿಂಗುಗಳಲ್ಲೂ ಇರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಅದನ್ನೂ ಕರೆತಂದರು. ಜನ ಆ ಚಿತ್ರ ನೋಡಿ ಕಣ್ಣೀರಿಟ್ಟರು. ನನಗೆ ಕಣ್ಣೀರಿಗಿಂತ ಆ ಕೋಣೆ ದೊಡ್ಡದು ಅನ್ನಿಸುತ್ತೆ. ಕಟ್ಟಡದ ನಕ್ಷೆಯಲ್ಲಿ ಜಾಗ ಇದೆ ಅಂದರೆ, ಮಾಲೀಕ ಹೋದಮೇಲೂ ಜಾಗ ಇರುತ್ತೆ.

ಸರ್ಕಾರಿ ಕೆಲಸದ ಪ್ರಾಣಿಗಳಲ್ಲೂ ಇದೇ ಶಿಸ್ತು. 2020ರಲ್ಲಿ ದಾವಣಗೆರೆಯ ಪೊಲೀಸ್ ನಾಯಿ ತುಂಗಾ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಕೊಲೆ ಆರೋಪಿಯ ಜಾಡು ಹಿಡಿದದ್ದು ಪತ್ರಿಕೆಗಳಲ್ಲಿ ಬಂತು. ಅದಕ್ಕೊಂದು ಹೆಸರು, ಒಬ್ಬ ಹ್ಯಾಂಡ್ಲರ್, ಊಟದ ಲೆಕ್ಕ ಎಲ್ಲ ಇತ್ತು. ದಸರಾ ಆನೆಗಳಿಗಂತೂ ವಿಮೆ ಇದೆ, ತೂಕ ಹಾಕಿ ಪತ್ರಿಕೆಯಲ್ಲಿ ಹಾಕುತ್ತಾರೆ. ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಕಾರ್ಯಾಚರಣೆಯ ವೇಳೆ ಸತ್ತಾಗ, ಅವನಿಗೆ ಸ್ಮಾರಕ ಬೇಕು ಅಂತ ಜನ ಹಟ ಹಿಡಿದರು. ಆತಕೂರಿನ ಕಾಳಿ ಹಂದಿಯ ಜೊತೆ, ಅರ್ಜುನ ಕಾಡಾನೆಯ ಜೊತೆ. ಸಾವಿರ ವರ್ಷ ಕಳೆದರೂ ನಮ್ಮ ಜನ ಕೇಳುವುದು ಅದೇ: ಕೆಲಸ ಮಾಡುತ್ತಾ ಸತ್ತಿದ್ದಕ್ಕೆ ಒಂದು ಕಲ್ಲು.

ಹಾಗಾದರೆ ಆಫೀಸಿಗೆ ಪ್ರಾಣಿ ಬಿಡಬೇಕೋ ಬೇಡವೋ? ಬಿಡಿ ಅಂತಲೇ ನನ್ನ ಅಭಿಪ್ರಾಯ. ಪ್ರಯೋಜನ ಖಂಡಿತ ಇದೆ. ಆದರೆ ಲೆಕ್ಕಕ್ಕೆ ತೆಗೆದುಕೊಂಡು ಬಿಡಿ. ಒಳಗೆ ಬರುವ ಸಾಕುನಾಯಿಗೂ, ಗೇಟಿನಲ್ಲಿರುವ ಬೀದಿನಾಯಿಗೂ ಒಂದೇ ಪುಸ್ತಕ. ಹೆಸರು, ಲಸಿಕೆ ಹಾಕಿಸಿದ ತಾರೀಖು, ಸಂತಾನಹರಣ ಚಿಕಿತ್ಸೆ ಆಗಿದೆಯೋ ಇಲ್ಲವೋ, ಊಟದ ಜಾಗ ಮತ್ತು ಹೊತ್ತು, ಯಾರು ಹೊಣೆ, ಆ ಹೊಣೆಗಾರ ಕೆಲಸ ಬಿಟ್ಟರೆ ಮುಂದೆ ಯಾರು. ಭಯ ಇರುವವರಿಗೆ, ಅಲರ್ಜಿ ಇರುವವರಿಗೆ ನಾಯಿ ಬಾರದ ಒಂದು ಮಹಡಿ, ಒಂದು ಲಿಫ್ಟು. ಕಚ್ಚಿದರೆ ಆಸ್ಪತ್ರೆಯ ಖರ್ಚು ಕಂಪನಿಯದು. ವರ್ಷಕ್ಕೆ ಇಷ್ಟು ಅಂತ ಹಣ. ಆಯುಧಪೂಜೆಗೆ ಚೆಂಡುಹೂವಿಗೆ, ಬೂದುಗುಂಬಳಕ್ಕೆ ನಾವು ಮಾಡುವ ಖರ್ಚಿಗಿಂತ ಇದು ಬಹಳ ಹೆಚ್ಚೇನೂ ಆಗುವುದಿಲ್ಲ.

ಇದನ್ನ ಮಾಡಲಿಕ್ಕಾಗದ ಕಂಪನಿ ನಾಯಿಯನ್ನ ಒಳಗೆ ಬಿಡದಿದ್ದರೇ ಒಳ್ಳೆಯದು. ಯಾಕಂದರೆ ಒಬ್ಬರ ಪ್ರೀತಿಯ ಮೇಲೆ ನಿಂತ ಪ್ರಾಣಿ, ಆ ಒಬ್ಬರು ರಾಜೀನಾಮೆ ಕೊಟ್ಟ ದಿನ ಬೀದಿಗೆ ಬೀಳುತ್ತೆ. ಮಣಲೇರನಿಗೆ ಇದು ಗೊತ್ತಿತ್ತು. ತನ್ನ ಪ್ರೀತಿ ತನ್ನ ಜೊತೆಗೇ ಹೋಗುತ್ತೆ ಅಂತ ತಿಳಿದೇ ಅವನು ಎರಡು ಖಂಡುಗ ನೆಲವನ್ನೂ ಒಬ್ಬ ಗೊರವನನ್ನೂ ಕಲ್ಲಿನ ಮೇಲೆ ಬರೆಸಿದ್ದು.

ನಿಮ್ಮ ಆಫೀಸಿನ ಗೇಟಿನಲ್ಲೂ ಒಂದು ಕರಿಯನೋ ಕೆಂಚನೋ ಇದ್ದೇ ಇರುತ್ತೆ. ನಾಳೆ ಒಳಗೆ ಹೋಗುವಾಗ ಸೆಕ್ಯುರಿಟಿಯವರನ್ನ ಅದರ ಹೆಸರು ಕೇಳಿ ನೋಡಿ. ಹೆಸರು ಅವರಿಗೆ ಗೊತ್ತಿರುತ್ತೆ. ಅದನ್ನ ಎಲ್ಲಾದರೂ ಒಂದು ಕಡೆ ಬರೆದಿಡಿ.